ಎದುರು ಹೊರಟ ಬಾಣಗಳು

ಆ ರೊಟ್ಟಿ ಹಂಚನ್ನು ಪ್ರಯೋಗಾಲಯಕ್ಕೆ ತಂದವರು ಯಾರು ಎಂಬುದು ನನಗೆ ಖಚಿತವಿಲ್ಲ. ಅಕ್ಕ ತಂದದ್ದು ಎಂದೇ ಬಹಳ ಕಾಲ ನಂಬಿದ್ದೆ. ಗಂಡನ ಬ್ಯಾಂಕಿನ ವರ್ಗಾವಣೆಯ ಜೊತೆ ಹುಬ್ಬಳ್ಳಿಯಿಂದ ವಡೋದರಕ್ಕೆ ಬಂದ ಸಾಮಾನಿನಲ್ಲಿ ಅವಳ ಅತ್ತೆಯ ಕಾಲದ ಹಂಚೊಂದಿತ್ತು, ಅದರ ಅಂಚು ಬಿರುಕು ಬಿಟ್ಟಿತ್ತು, ಮನೆಗೆ ಬೇಡವೆಂದು ಲ್ಯಾಬಿಗೆ ತಂದಳು. ಇದು ಒಂದು ಚಿತ್ರ. ಇನ್ನೊಂದು ಚಿತ್ರದಲ್ಲಿ ನಾನು ವಡೋದರದ ಹಳೇ ಪೇಟೆಯ ಪಾತ್ರೆ ಅಂಗಡಿಯಲ್ಲಿ ನಿಂತು, ಹಂಚನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದೇನೆ. ಎರಡೂ ನಿಜವಾಗಿರಲಾರವು. ಆಮೇಲೆ ನಡೆದದ್ದನ್ನು ನೆನೆದರೆ ಎರಡನೆಯದು ನಿಜವಾಗಿರುವುದು ನನಗೆ ಅನುಕೂಲ. ಆದ್ದರಿಂದ ಅದನ್ನೇ ಕಡಿಮೆ ನಂಬುತ್ತೇನೆ.

ಹಂಚು ಬೇಕಿದ್ದದ್ದು ಪುಡಿ ಹುರಿಯಲು. ನಾನು ಆಗ ಅಲ್ಲಿ ಬೆಂಕಿಯನ್ನು ಅಳೆಯುವ ಸಂಶೋಧನಾ ವಿದ್ಯಾರ್ಥಿನಿ. ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸುಟ್ಟು ನುಣುಪು ಮಾಡುವ ಯಂತ್ರಗಳಿವೆಯಲ್ಲ, ಅವುಗಳ ಬರ್ನರ್ ತಯಾರಿಸುವ ಸೂರತ್ತಿನ ಕಂಪನಿಯೊಂದು ನಮ್ಮ ಲ್ಯಾಬಿಗೆ ಕೆಲಸ ಒಪ್ಪಿಸಿತ್ತು. ಗ್ಯಾಸು ಮತ್ತು ಗಾಳಿ ಮೊದಲೇ ಬೆರೆತು ಬಂದು ಉರಿಯುವ ಬರ್ನರ್ ಅದು. ಅದರ ಜ್ವಾಲೆಯೊಳಗೆ ಏನು ಎತ್ತ ಹೋಗುತ್ತದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹರಿಯುವ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹಿಟ್ಟಿಗಿಂತ ನಯವಾದ, ಬೆಂಕಿಗೂ ಕರಗದ ಬಿಳಿ ಪುಡಿಯನ್ನು ಅದರ ಜೊತೆ ತೂರಿ, ಲೇಸರ್ ಬೆಳಕನ್ನು ತೆಳುವಾದ ಹಾಳೆಯಂತೆ ಹಾಯಿಸಿ, ಒಂದರ ಬೆನ್ನಿಗೇ ಇನ್ನೊಂದು ಫೋಟೋ ತೆಗೆಯುತ್ತೇವೆ. ಮೊದಲ ಫೋಟೋದಲ್ಲಿ ಇಲ್ಲಿದ್ದ ಚುಕ್ಕೆ ಎರಡನೆಯದರಲ್ಲಿ ಎಲ್ಲಿದೆ ಎಂದು ನೋಡಿ ಕಂಪ್ಯೂಟರ್ ಬಾಣ ಬರೆಯುತ್ತದೆ. ಚುಕ್ಕೆಗಳು ದಟ್ಟವಾಗಿರುವ ಕಡೆ ಇನ್ನೂ ಉರಿಯದ ತಣ್ಣನೆಯ ಗ್ಯಾಸು. ವಿರಳವಾಗಿರುವ ಕಡೆ ಉರಿದು ಹಿಗ್ಗಿದ ಬಿಸಿ ಗ್ಯಾಸು. ಒಂದೇ ಪುಡಿ ಎರಡು ಸುದ್ದಿ ಹೇಳುತ್ತದೆ, ಅದು ಒಣಗಿದ್ದರೆ.

ಮಳೆಗಾಲದಲ್ಲಿ ಅದು ಉಂಡೆ ಕಟ್ಟುತ್ತಿತ್ತು. ಲ್ಯಾಬಿನ ಒವನ್‌ನಲ್ಲಿಟ್ಟರೆ ಮೇಲ್ಗಡೆ ಒಣಗಿ ಒಳಗೆ ಹಾಗೇ ಉಳಿಯುತ್ತಿತ್ತು. ಹಂಚಿನ ಮೇಲೆ ತೆಳುವಾಗಿ ಹರಡಿ, ಮರದ ಸಟ್ಟುಗದಿಂದ ಬಿಡದೆ ಕೈಯಾಡಿಸುತ್ತ, ಉಪ್ಪಿಟ್ಟಿಗೆ ರವೆ ಹುರಿದ ಹಾಗೆ ಹುರಿದು, ಬಿಸಿಯಿರುವಾಗಲೇ ಹಳೆಯ ಮಲ್ ಪಂಚೆಯಲ್ಲಿ ಸೋಸಿ ಯಂತ್ರಕ್ಕೆ ತುಂಬಬೇಕು. ಆರಲು ಬಿಟ್ಟರೆ ಮತ್ತೆ ತೇವ ಹೀರುತ್ತದೆ. ನಾನು ಹುರಿಯಲು ಕೂತರೆ ಅಕ್ಕ ಮೂಗಿಗೆ ಸೆರಗು ಹಿಡಿದು ಕಾರಿಡಾರಿಗೆ ಹೋಗುತ್ತಿದ್ದಳು. ಈ ಉಪಾಯ ಕಂಡುಕೊಂಡವಳು ನಾನು. ಇದರಲ್ಲಿ ಅನುಮಾನವಿಲ್ಲ, ಸುಟ್ಟ ಗುರುತು ಎಡ ಮಣಿಕಟ್ಟಿನ ಮೇಲೆ ಇನ್ನೂ ಇದೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಲ್ಯಾಬಿನಲ್ಲಿ ನನಗಿಂತ ಹಿರಿಯಳು. ಪಿಎಚ್‌ಡಿ ಮುಗಿಸಿ ಗುತ್ತಿಗೆಯ ಮೇಲೆ ಅಲ್ಲೇ ಉಳಿದಿದ್ದಳು. ನಾನು ತೆಗೆದ ಫೋಟೋಗಳಿಂದ ಬಾಣ ಎಬ್ಬಿಸುವ ಪ್ರೋಗ್ರಾಮು ಅವಳು ಬರೆದದ್ದು. ನಾನು ತುಮಕೂರಿನವಳು ಎಂದು ಗೊತ್ತಾದ ದಿನವೇ ‘ಮ್ಯಾಡಮ್’ ಬಿಡಿಸಿದಳು.

“ಮ್ಯಾಡಮ್ ಗೀಡಮ್ ಎಲ್ಲಾ ಆ ಕಡಿ ಇಡು. ಅಕ್ಕ ಅನ್ನು. ಈ ಊರಾಗ ನನ್ನ ಕೂಡ ಕನ್ನಡ ಮಾತಾಡಾಕ ಯಾರದಾರ? ನಮ್ಮನಿಯವರು ಬ್ಯಾಂಕಿನಾಗ ಹಿಂದಿ ಆಡಿ ಆಡಿ ಮನ್ಯಾಗೂ ಹಿಂದೀನ. ಮಗಳಂತೂ ಜಗಳಾ ತಗದ್ರ ಗುಜರಾತಿಯೊಳಗ.”

“ನಿಮ್ಮ ಕನ್ನಡ ನನಗೆ ಅರ್ಧಾನೇ ಅರ್ಥ ಆಗೋದು ಅಕ್ಕ.”

“ಉಳಿದರ್ಧ ರೊಟ್ಟಿ ತಿಂದ್ರ ತಿಳೀತೈತಿ.”

ಭಾನುವಾರಗಳಲ್ಲಿ ಅವಳ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಲ್ಯಾಬಿನಲ್ಲಿ ಉಳಿದವರ ಎದುರಿಗೇ ಉಳಿದವರ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು. ನಮ್ಮ ಗೈಡ್ ಸರ್ ಬಾಗಿಲಲ್ಲಿ ಕಾಣಿಸಿಕೊಂಡರೆ ಅಕ್ಕ ಪರದೆಯಿಂದ ಕಣ್ಣು ಕೀಳದೆ “ಬಂತ ನೋಡು ಸವಾರಿ” ಅನ್ನುವಳು. ನಾನು ನಗು ನುಂಗಲಾಗದೆ ಕೆಮ್ಮುತ್ತಿದ್ದೆ. “ನೀರು ಕುಡಿ ಬೇಟಾ” ಎಂದು ಸರ್ ಹಿಂದಿಯಲ್ಲಿ ಕಾಳಜಿ ತೋರುತ್ತಿದ್ದರು. ನಮ್ಮ ಕನ್ನಡ ನಮ್ಮಿಬ್ಬರಿಗೇ ಸೇರಿದ, ಬಾಗಿಲು ಹಾಕಿಕೊಂಡ ಕೋಣೆ ಎಂದುಕೊಂಡಿದ್ದೆ.

ಈಗ ಆ ಮಧ್ಯಾಹ್ನ. ಅದನ್ನು ಹೇಳುವ ಮೊದಲು ಸ್ವಲ್ಪ ಬೆಂಕಿಯ ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಕಳೆದುಕೊಂಡದ್ದು ಏನೆಂದು ತಿಳಿಯುವುದಿಲ್ಲ.

ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುವುದು ಎಲ್ಲದರ ಸ್ವಭಾವ ಎಂದು ನಾವು ಕಲಿತಿರುತ್ತೇವೆ. ಒಗ್ಗರಣೆಯ ಘಾಟು ಅಡುಗೆಮನೆಯಿಂದ ಪಡಸಾಲೆಗೆ ಬರುತ್ತದೆ. ಫ್ಯಾನು ಹಾಕಿ ಗಾಳಿಯಲ್ಲಿ ಸುಳಿ ಎಬ್ಬಿಸಿದರೆ ಇನ್ನೂ ಬೇಗ ಬರುತ್ತದೆ. ಕಂಪನಿಯವರ ಸಾಫ್ಟ್‌ವೇರ್ ಜ್ವಾಲೆಯನ್ನೂ ಹೀಗೇ ಲೆಕ್ಕ ಹಾಕುತ್ತಿತ್ತು: ಒಳಗಿನ ಸುಳಿಗಳು ಉರಿದ ಬಿಸಿ ಗ್ಯಾಸನ್ನು ಉರಿಯದ ತಣ್ಣನೆಯ ಕಡೆಗೆ ಒಯ್ಯುತ್ತವೆ. ನನ್ನ ಬಾಣಗಳು ಬೇರೆ ಹೇಳುತ್ತಿದ್ದವು. ಒಟ್ಟು ಹರಿವನ್ನು ಕಳೆದು ನೋಡಿದರೆ ಉರಿದದ್ದು ಉರಿದದ್ದರ ಕಡೆಗೇ ಓಡುತ್ತಿತ್ತು. ತಣ್ಣನೆಯದು ಹಿಂದೆ ಉಳಿಯುತ್ತಿತ್ತು. ಜ್ವಾಲೆಯನ್ನು ದಾಟುವಾಗ ಒತ್ತಡ ಕೊಂಚ ಇಳಿಯುತ್ತದೆ, ಆ ಇಳಿಜಾರಿನಲ್ಲಿ ಭಾರದ ತಣ್ಣನೆ ಗ್ಯಾಸಿಗಿಂತ ಹಗುರಾದ ಬಿಸಿ ಗ್ಯಾಸು ಬೇಗ ಜಾರುತ್ತದೆ. ಸುಳಿಗಳಿಗೆ ಸಾಕಷ್ಟು ಜೋರಿದ್ದರೆ ಎರಡನ್ನೂ ಕಲಸಿಬಿಡುತ್ತವೆ. ಜೋರಿಲ್ಲದಿದ್ದರೆ ಈ ಜಾರುವಿಕೆಯೇ ಗೆಲ್ಲುತ್ತದೆ. ಇದು ಹೊಸ ಸತ್ಯವೇನಲ್ಲ, ಪುಸ್ತಕಗಳಲ್ಲಿದೆ. ಈ ಬಗೆಯ ಬರ್ನರಿನಲ್ಲಿ ಇಷ್ಟು ಸ್ಪಷ್ಟವಾಗಿ ಇದೆ ಎಂಬುದಷ್ಟೇ ಹೊಸದು. ಅಷ್ಟೇ ನನ್ನ ಪ್ರಬಂಧದ ಜೀವವಾಗಬೇಕಿತ್ತು.

“ಅಕ್ಕ, ಇಲ್ಲಿ ಬಂದು ನೋಡಿ. ಎಲ್ಲಾ ಎದುರು ಹೊರಟಿವೆ.”

ಅವಳು ಬಂದಳು. ಆ ಕ್ಷಣ ಅವಳ ಮುಖದಲ್ಲಿ ಏನೋ ಮಿಂಚಿತು ಎಂದು ಬರೆಯಲು ಕೈ ಹೋಗುತ್ತದೆ. ಏನೂ ಮಿಂಚಲಿಲ್ಲ. ಅವಳು ಹಪ್ಪಳದಂಥ ಗರಿಗರಿ ಖಾಖರಾ ತಿನ್ನುತ್ತಿದ್ದಳು, ಪುಡಿ ಕೀಬೋರ್ಡಿನ ಮೇಲೆ ಬೀಳದಂತೆ ಗಲ್ಲದ ಕೆಳಗೆ ಅಂಗೈ ಹಿಡಿದಿದ್ದಳು.

“ಕಸ ಅದು, ತಂಗಿ. ತಗದು ಒಗಿ.”

“ಕಸ ಹೇಗಕ್ಕ? ಪ್ರತಿ ಸಲವೂ ಹೀಗೇ ಬರ್ತಿದೆ.”

“ಪ್ರತಿ ಸಲ ನಿನ್ನ ಪುಡಿ ಗ್ಯಾಸಿನ ಕೂಡ ಓಡಲಾರದ ಹಿಂದ ಬೀಳಾಕತ್ತೈತಿ. ಪುಸ್ತಕದಾಗಿನ ಬೆಂಕಿ ಬ್ಯಾರೆ, ನಮ್ಮ ಬರ್ನರ್ ಬ್ಯಾರೆ. ನನ್ನ ಫಿಲ್ಟರ್ ಹಚ್ಚು, ಸ್ವಚ್ಛ ಆಕ್ಕೈತಿ.”

ಇಂಥ ಫೋಟೋಗಳಲ್ಲಿ ಕೆಲವು ಬಾಣಗಳು ಸುಳ್ಳು ಹೇಳುವುದುಂಟು. ಅಕ್ಕಪಕ್ಕದವುಗಳಿಗೆ ತೀರ ಹೊಂದದ್ದನ್ನು ತೆಗೆದುಹಾಕುವುದು ಎಲ್ಲ ಕಡೆಯ ರೂಢಿ. ಅಕ್ಕನ ಫಿಲ್ಟರ್ ಮಾತ್ರ ಬಾಣವನ್ನು ಅದರ ನೆರೆಯವುಗಳಿಗೆ ಹೋಲಿಸುತ್ತಿರಲಿಲ್ಲ, ಸಾಫ್ಟ್‌ವೇರಿನ ಊಹೆಗೆ ಹೋಲಿಸುತ್ತಿತ್ತು. ಊಹೆಗೆ ಎದುರು ಹೊರಟದ್ದೆಲ್ಲ ತಪ್ಪು. ತೆಗೆದ ಜಾಗದಲ್ಲಿ ಉಳಿದವುಗಳ ಸರಾಸರಿ ತುಂಬುತ್ತಿತ್ತು. ಯಾವತ್ತೋ ಕಂಪನಿಗೆ ವರದಿ ಅವಸರದಲ್ಲಿ ಕೊಡಬೇಕಾದಾಗ ಮಾಡಿಕೊಂಡ ಒಳದಾರಿ ಅದು. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಳತೆ ಮಾಡಿ ಪರೀಕ್ಷಿಸಬೇಕಾದ ಊಹೆಯಿಂದಲೇ ಅಳತೆಯನ್ನು ಸೋಸುತ್ತಿದ್ದೇವೆ ಎಂಬುದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ, ಚಿತ್ರಗಳು ಅಷ್ಟು ಚೆನ್ನಾಗಿ ಬರುತ್ತಿದ್ದವು.

ನಾನು ವಾದಿಸಿದೆ. ಎಷ್ಟು ವಾದಿಸಿದೆ ಎಂಬುದನ್ನು ನೆನಪು ಪ್ರತಿ ವರ್ಷ ಸ್ವಲ್ಪ ಹೆಚ್ಚಿಸುತ್ತಿದೆ. ಅಕ್ಕ ಕೊನೆಗೆ ಹೇಳಿದ್ದು ಇಷ್ಟು:

“ಈಗ ವರದಿ ಕೊಟ್ಟುಬಿಡು, ಕಂಪನಿಯವರು ಕುತ್ತಿಗಿ ಮ್ಯಾಲ ಕುಂತಾರ. ಆಮ್ಯಾಲ ನಾವಿಬ್ಬರೂ ಕುಂತು ನೋಡೂಣು. ಖರೇ ಇದ್ರ ಪೇಪರ್ ಬರಿಯೂಣು. ಮೊದಲ ಹೆಸರು ನಿಂದ.”

ಈ ಕಡೆಯ ಮಾತು ನನಗೆ ಲ್ಯಾಬಿನ ಎಸಿ ಸದ್ದಿನ ಜೊತೆ ನೆನಪಿದೆ. ಅವಳ ಮನೆಯ ಬಾಲ್ಕನಿಯಲ್ಲಿ, ತೊಳೆದ ಬಟ್ಟೆಗಳ ನಡುವೆ ಹೇಳಿದಂತೆಯೂ ನೆನಪಿದೆ. ಎರಡು ಜಾಗದಲ್ಲಿ ಕೇಳಿಸುವ ಮಾತು ಒಂದು ಜಾಗದಲ್ಲೂ ಆಡಿದ್ದಲ್ಲ ಎಂದು ಯಾರಾದರೂ ಅನ್ನಬಹುದು. ನಾನು ಅವಳನ್ನು ನಂಬಿ ಸೋಸಿದ ಬಾಣಗಳ ವರದಿಗೆ ಸಹಿ ಹಾಕಿದೆ ಎಂಬುದು ಮಾತ್ರ ಒಂದೇ ಜಾಗದಲ್ಲಿ ಆದದ್ದು.

ಚಳಿಗಾಲದಲ್ಲಿ ಅಹಮದಾಬಾದಿನಲ್ಲಿ ಒಂದು ಸಮ್ಮೇಳನವಿತ್ತು. ಅಕ್ಕ ಮಾತಾಡುವವಳಿದ್ದಳು. “ಬ್ಯಾಸರದ ಸಭಾ ಅದು, ನೀ ಯಾಕ ಸುಮ್ನ ಬರ್ತಿ, ರೊಕ್ಕಕ್ಕ ದಂಡ” ಎಂದಿದ್ದಳು. ನಾನು ಹೋದೆ. ಅವಳಿಗೆ ಹೇಳದೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಮಾತು ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟುವುದು ನನ್ನ ಯೋಜನೆ. ಅಲ್ಲಿನ ನವರಂಗಪುರಾದಲ್ಲಿ ಆಟೋ ಸಿಕ್ಕಿಹಾಕಿಕೊಂಡು ತಡವಾಯಿತು. ಬಾಗಿಲು ತಳ್ಳಿ ಒಳಗೆ ಹೋದಾಗ ಪರದೆಯ ಮೇಲೆ ನನ್ನ ಬಾಣಗಳಿದ್ದವು.

ನನ್ನವೇ. ಬರ್ನರಿನ ಸುತ್ತ ಕೂರಿಸಿದ ಗಾಜಿನ ಮೇಲೆ ನನ್ನ ಉಂಗುರದಿಂದ ಒಂದು ಗೀರು ಬಿದ್ದಿತ್ತು. ಆ ಫೋಟೋಗಳಲ್ಲೆಲ್ಲ ಎಡ ಮೂಲೆಯಲ್ಲಿ ಕೂದಲಿನಂಥ ಕಪ್ಪು ಗೆರೆಯೊಂದು ಬರುತ್ತಿತ್ತು. ಅದೂ ಇತ್ತು. ಸೋಸದ, ಎದುರು ಹೊರಟ ಬಾಣಗಳು ಗೋಡೆಯಷ್ಟು ದೊಡ್ಡದಾಗಿ. ಅಕ್ಕ ಇಂಗ್ಲಿಷಿನಲ್ಲಿ, ನಿಧಾನವಾಗಿ, ಬಿಸಿ ಗ್ಯಾಸು ಯಾಕೆ ತಣ್ಣನೆಯ ಕಡೆಗೆ ಹರಡದೆ ಬಿಸಿಯ ಕಡೆಗೇ ಹೋಗುತ್ತದೆ ಎಂದು ವಿವರಿಸುತ್ತಿದ್ದಳು. ಚೆನ್ನಾಗಿ ವಿವರಿಸಿದಳು. ನನಗಿಂತ ಚೆನ್ನಾಗಿ. ನಮ್ಮ ಗುಂಪಿನ ಹಿಂದಿನ ವರದಿಯೊಂದರಲ್ಲಿ ವಿದ್ಯಾರ್ಥಿಯೊಬ್ಬರು ತಪ್ಪು ಫಿಲ್ಟರ್ ಬಳಸಿ ಇದನ್ನು ಕಳೆದುಕೊಂಡಿದ್ದರು ಎಂದಳು. ಕೊನೆಯ ಸ್ಲೈಡಿನಲ್ಲಿ ವಂದನೆಗಳು. ಲೇಸರ್ ಕೊಟ್ಟವರಿಗೆ, ಕಂಪನಿಗೆ. ಆಮೇಲೆ ನನ್ನ ಹೆಸರು, ಪುಡಿ ತೂರಲು ನೆರವಾದದ್ದಕ್ಕೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನೇ? ಅಂಗೈ ಉರಿದ ನೆನಪಿದೆ.

ಊಟದ ಸಾಲಿನಲ್ಲಿ ಅವಳೇ ನನ್ನನ್ನು ನೋಡಿದಳು.

“ಅಯ್ಯ! ನೀ ಯಾವಾಗ ಬಂದಿ? ಫೋನ್ ಮಾಡಬಾರ್ದೇನು?”

“ಅದು ಕಸ ಅಂದಿದ್ರಿ ಅಕ್ಕ.”

“ನಿನ್ನ ಕೈಯಾಗಿದ್ದಾಗ ಕಸ ಇತ್ತು. ಕುಂತು ಅರ್ಥ ಬಿಡಿಸಿದಾಕಿ ನಾನು.”

“ಫಿಲ್ಟರ್ ನಿಮ್ಮದು. ನೀವು ಹಚ್ಚು ಅಂದಿದ್ದಕ್ಕೆ ಹಚ್ಚಿದೆ. ಅಷ್ಟು ಜನರ ಮುಂದೆ ತಪ್ಪು ವಿದ್ಯಾರ್ಥಿದು ಅಂದ್ರಿ.”

“ಹೆಸರು ತಗೊಂಡಿಲ್ಲಲ್ಲ? ಕಢಿ ಹಾಕ್ಕೋ. ಸಿಹಿ ಭಾಳ ಐತಿ ನೋಡು, ಇವರ ಕಢಿ.”

ಇದನ್ನೆಲ್ಲ ಅವಳು ನಗುನಗುತ್ತ, ನನ್ನ ತಟ್ಟೆಗೆ ಬಡಿಸುತ್ತ ಹೇಳಿದಳು. ಸುತ್ತ ನಿಂತವರಿಗೆ ಅದು ಊರಿನವರಿಬ್ಬರ ಹರಟೆಯಾಗಿ ಕೇಳಿಸಿರಬೇಕು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಿಮ್ಮ ಭಾಷೆ ಎಷ್ಟು ಇಂಪು ಎಂದಳು.

ವಡೋದರಕ್ಕೆ ಮರಳಿ, ನಡೆದದ್ದನ್ನು ಹೇಳಲು ಗೈಡ್ ಸರ್ ಕೋಣೆಗೆ ಹೋದೆ. ಅವರು ನನ್ನ ವರದಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು. “ದೇಖೋ ಬೇಟಾ, ಇಸ್ ಮೆ ತೋ ಆಪ್‌ನೇ ಉಲ್ಟಾ ಲಿಖಾ ಹೈ.” ಇದರಲ್ಲಿ ನೀವೇ ತದ್ವಿರುದ್ಧ ಬರೆದಿದ್ದೀರಲ್ಲ ಎಂದು. ವರದಿಯ ಕೆಳಗೆ ನನ್ನ ಸಹಿ. ನಾನು ಕಂಡದ್ದಕ್ಕೆ ನನ್ನ ಹೆಸರಿರಲಿಲ್ಲ. ಹೆಸರಿದ್ದ ಕಡೆ ನಾನು ಕಂಡದ್ದಕ್ಕೆ ವಿರುದ್ಧವಾದದ್ದು ಇತ್ತು. ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ, ನೀವಿಬ್ಬರೂ ಒಂದೇ ಊರಿನವರಲ್ಲವೇ ಎಂದರು. ಹುಬ್ಬಳ್ಳಿ ತುಮಕೂರಿನ ನಡುವೆ ಅರ್ಧ ರಾಜ್ಯವಿದೆ ಎಂದು ಹೇಳಲು ಹೋಗಲಿಲ್ಲ.

ಆ ಬಾಣಗಳಿಲ್ಲದೆ ಪ್ರಬಂಧದಲ್ಲಿ ಹೇಳಲು ಏನೂ ಉಳಿಯಲಿಲ್ಲ. ಬಿಟ್ಟೆ. ನಮಗೆ ಕೆಲಸ ಒಪ್ಪಿಸಿದ್ದ ಸೂರತ್ತಿನ ಕಂಪನಿಯಲ್ಲೇ ನೌಕರಿ ಸಿಕ್ಕಿತು. ವರಾಛಾದಲ್ಲಿ ಬಾಡಿಗೆಗೆ ಮನೆ ಹಿಡಿದೆ. ಕೆಳಗಿನ ಮಹಡಿಯಲ್ಲಿ ವಜ್ರ ಉಜ್ಜುವ ಚಕ್ರಗಳು, ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲಿಗೆ ಜುಮ್ಮೆನ್ನುತ್ತಿತ್ತು.

ಅಲ್ಲಿ ಅಕ್ಕನ ಬಗ್ಗೆ ಬಹಳ ಯೋಚಿಸಿದೆ. ಜ್ವಾಲೆಯ ಫೋಟೋಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಮೃದುವಾದ, ದಪ್ಪನೆಯ, ನಿಂತಂತಿರುವ ಬೆಂಕಿಯೊಂದು ಕಾಣುತ್ತದೆ. ಅಂಥ ಬೆಂಕಿ ಎಲ್ಲೂ ಇರುವುದಿಲ್ಲ. ಪ್ರತಿ ಕ್ಷಣದಲ್ಲಿರುವುದು ಹರಿದ ಬಟ್ಟೆಯ ಅಂಚಿನಂತೆ ಹೊಯ್ದಾಡುವ ತೆಳು ಗೆರೆ. ರೊಟ್ಟಿಗಳನ್ನೂ ಆ ಸ್ಲೈಡನ್ನೂ ಕೂಡಿಸಿ ಭಾಗಿಸಿದರೆ ಒಬ್ಬಳು ಸಾಧಾರಣ ಒಳ್ಳೆಯ ಹೆಂಗಸು ಸಿಗುತ್ತಾಳೆ. ಅವಳು ಯಾರೋ ನನಗೆ ಗೊತ್ತಿಲ್ಲ.

ಮುಂದಿನ ಮಳೆಗಾಲದಲ್ಲಿ ಅವಳು ಬಂದಳು. ಬೆಳಗಿನ ರೈಲಿಗೆ ವಡೋದರದಿಂದ ಹೊರಟು, ಅರ್ಧ ನೆನೆದು. ಬ್ಯಾಗಿನಿಂದ ಮೊದಲು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತೆಗೆದಳು. ಆಮೇಲೆ ಸ್ಟೀಲಿನ ಡಬ್ಬಿಯಲ್ಲಿ ಬಿಳಿ ಪುಡಿ. ಕೊನೆಗೆ, ಎರಡೂ ಕೈ ಹಾಕಿ, ಹಂಚು.

“ಉಂಡಿ ಆಗಾಕತ್ತೈತಿ ತಂಗಿ. ಏನ್ ಮಾಡಿದ್ರೂ ಉಂಡಿ. ಪೇಪರ್ ಓದಿದವರು, ಅಚ್ಚು ಹಾಕೂದಕ್ಕ ಮೊದಲ ಮತ್ತೊಮ್ಮೆ ಅಳದು ತೋರಸ್ರಿ ಅಂದಾರ. ನಿನ್ನ ಕೈಗುಣ ಬೇಕಾಗೈತಿ.”

“ಕೈಗುಣಕ್ಕೆ ಆಗಲೇ ವಂದನೆ ಹೇಳಿದ್ದೀರಲ್ಲ.”

“ಚುಚ್ಚು, ಚುಚ್ಚು. ಅನ್ನಿಸ್ಕೊಳ್ಳಾಕ ಬಂದೀನಿ.” ಅವಳು ನೆಲದ ಮೇಲೆ ಕೂತಳು, ಚಕ್ರದ ನಡುಕಕ್ಕೆ ಒಮ್ಮೆ ಬೆಚ್ಚಿದಳು. “ನನ್ನ ಗುತ್ತಿಗಿ ಈ ವರ್ಷಕ್ಕ ಮುಗೀತೈತಿ. ನಿನಗ ವಯಸ್ಸೈತಿ, ಇನ್ನೊಂದು ಬೆಂಕ್ಯಾಗ ಇನ್ನೊಂದು ಸಿಗತೈತಿ. ನನಗ ಇದ ಕಡೀದು. ಆವತ್ತು ನೀ ತೋರಿಸಿದಾಗ ನನಗ ಖರೇನ ತಿಳಿದಿರಲಿಲ್ಲ. ಆಮ್ಯಾಲ ತಿಳೀತು. ತಿಳಿದ ಮ್ಯಾಲ ನಿನಗ ಹೇಳಾಕ ಆಗಲಿಲ್ಲ.”

ಇದನ್ನು ನಂಬಿದೆ. ಈಗಲೂ ನಂಬುತ್ತೇನೆ.

“ಸರ್‌ಗೆ ಈಗ ಫೋನ್ ಮಾಡಿ ಅಕ್ಕ. ಮೊದಲು ನೋಡಿದವಳು ಇವಳು, ಕಸ ಅಂದವಳು ನಾನು ಅಂತ ಹೇಳಿ. ಅಷ್ಟು ಹೇಳಿದ್ರೆ ಇವತ್ತೇ ನಿಮ್ಮ ಜೊತೆ ಹೊರಟು ಬರ್ತೀನಿ. ಹುರಿದು ತುಂಬಿ ಕೊಡ್ತೀನಿ.”

“ಇಷ್ಟ ಹೌದಿಲ್ಲೋ?” ಅವಳು ಫೋನ್ ತೆಗೆದಳು. ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು. ಸರ್ ಎತ್ತಿದರು. ಅಕ್ಕ ಇಂಗ್ಲಿಷಿಗೆ ಹೊರಳಿದಳು: ಪುಡಿಯ ವಿಷಯದಲ್ಲಿ ನೆರವಾಗಲು ಅವಳು ಒಪ್ಪಿದ್ದಾಳೆ ಸರ್, ಹಳೆಯ ಮನಸ್ತಾಪ ಮಾತಾಡಿ ಮುಗಿಸಿದ್ದೇವೆ. ವೆರಿ ಗುಡ್, ವೆರಿ ಗುಡ್ ಎಂದರು ಸರ್. ಫೋನ್ ಇಟ್ಟು ಅವಳು ಕನ್ನಡಕ್ಕೆ ಮರಳಿದಳು.

“ಹೇಳಿದ್ನಿಲ್ಲೋ?”

ಈ ದೃಶ್ಯಕ್ಕೆ ಎರಡನೆಯ ಚಿತ್ರವಿಲ್ಲ. ಎಷ್ಟು ಸಲ ಕೆದಕಿದರೂ ಇದು ಒಂದೇ ಥರ ಬರುತ್ತದೆ. ತಾನು ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ, ಮುಖ ನಿರಾಳವಾಗಿತ್ತು.

ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟೆ.

“ನಾನು ಬರಲ್ಲ ಅಕ್ಕ.”

ಅವಳು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. “ರೊಟ್ಟಿ ಮ್ಯಾಲ ಸಿಟ್ಟು ತೀರಿಸಬ್ಯಾಡ” ಎಂದು ಎದ್ದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನು ಹಂಚು ಚಾಚಿದೆ.

“ಅದನ್ಯಾಕ ಕೊಡ್ತಿ? ನಿಂದ ಅಲ್ಲೇನು ಅದು? ಪ್ಯಾಟ್ಯಾಗ ನೀನ ತಂದಿದ್ದಿಯಲ್ಲ.”

ಅವಳು ಹೋದ ಮೇಲೆ ಹಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬಿರುಕಿತ್ತು. ಅದು ಹುಬ್ಬಳ್ಳಿಯಿಂದ ಬಂದ ಬಿರುಕೋ, ಲ್ಯಾಬಿನ ಬಿಸಿಗೆ ಆಮೇಲೆ ಬಿಟ್ಟದ್ದೋ ಹೇಳಲಾಗಲಿಲ್ಲ. ಅವಳ ನೆನಪು ನನಗಿಂತ ಸರಿಯಾಗಿತ್ತೇ, ಅಥವಾ ಮಳೆಯಲ್ಲಿ ಆ ಭಾರ ಹೊರುವುದು ಬೇಡವಾಗಿತ್ತೇ? ರೊಟ್ಟಿ ತಿಂದೆ. ಚೆನ್ನಾಗಿದ್ದವು.

ಆ ವಾರ ಕಂಪನಿಯ ಮಾಲೀಕರ ಮುಂದೆ ನಿಂತು, ನಾನು ಹಿಂದೆ ಕೊಟ್ಟ ವರದಿ ತಪ್ಪು, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಚಹಾದ ತಟ್ಟೆ ಕೆಳಗಿಟ್ಟರು.

“ಕಾಪಡ್ ಬಳೇ ಛೇ?” ಬಟ್ಟೆ ಸುಟ್ಟುಹೋಗುತ್ತಿದೆಯೇ ಎಂದು ಕೇಳುತ್ತಿದ್ದರು.

“ನಾ, ಶೇಠ್.”

“ತೋ ಪಛೀ?” ಮತ್ತೇನು ತೊಂದರೆ?

ಬರೆದುಕೊಟ್ಟೆ. ಫೈಲಿಗೆ ಸೇರಿತು.

ಅಕ್ಕನ ಪೇಪರ್ ಬಂತು. ಮೊದಲ ಚಿತ್ರದಲ್ಲಿ ನನ್ನ ಬಾಣಗಳು, ಎಡ ಮೂಲೆಯಲ್ಲಿ ಗಾಜಿನ ಗೀರು. ಕೊನೆಯ ಚಿತ್ರ ಮರು ಅಳತೆಯದು. ಅದರ ನಟ್ಟನಡುವೆ, ಉರಿದದ್ದೂ ಉರಿಯದ್ದೂ ಕೂಡುವಲ್ಲಿ, ದೊಡ್ಡ ಬಿಳಿ ಜಾಗ. ಪುಡಿ ಉಂಡೆ ಕಟ್ಟಿತ್ತು. ಇಲ್ಲಿ ನಂಬಬಹುದಾದ ಅಳತೆ ಸಿಗಲಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಈ ಸಲ ಸರಾಸರಿ ತುಂಬಿರಲಿಲ್ಲ. ವಂದನೆಗಳಲ್ಲಿ ನನ್ನ ಹೆಸರೂ ಇರಲಿಲ್ಲ.

ಆ ಪುಟವನ್ನು ಪ್ರಿಂಟ್ ಮಾಡಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪೆನ್ಸಿಲ್ ತೆಗೆದುಕೊಂಡೆ. ಬಿಳಿ ಜಾಗದಲ್ಲಿ ನಾನು ಕಂಡ ಬಾಣಗಳನ್ನು ಒಂದೊಂದಾಗಿ ಬರೆದೆ, ಎಲ್ಲವೂ ಬಿಸಿಯ ಕಡೆಗೆ. ಕೆಳಗಿನ ಚಕ್ರಗಳ ನಡುಕಕ್ಕೆ ಗೆರೆಗಳು ಸ್ವಲ್ಪ ಸೊಟ್ಟಗಾದವು. ಬರೆದು ಮುಗಿಸಿ ನೋಡಿದೆ. ಬಲಗಡೆಯ ಕೆಲವು ನನಗೆ ನಿಜವಾಗಿ ನೆನಪಿರಲಿಲ್ಲ, ಉಳಿದವುಗಳಿಗೆ ಹೊಂದಲಿ ಎಂದು ಹಾಕಿದ್ದೆ. ಅವನ್ನು ಅಳಿಸಿದೆ.